ಎರಡು ಪಾರ್ಟ್, ಒಂದೇ ಸ್ಟಾಫ್: ನೊಟೇಶನ್ ಸಾಫ್ಟ್‌ವೇರ್‌ನಲ್ಲಿ ಸೇರಿಸುವುದು ಹೇಗೆ?

ಎರಡು ಫ್ಲೂಟ್‌ಗಳಿಗೆ ಸಂಗೀತ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೊದಲನೆಯದಕ್ಕೆ ಒಂದು ಸ್ಟಾಫ್ (ನೋಟು ಬರೆಯುವ ಐದು ಗೆರೆಗಳ ಸಾಲು), ಅದರ ಕೆಳಗೆ ಎರಡನೆಯದಕ್ಕೆ ಇನ್ನೊಂದು. ಬರೆಯುವಾಗ ಇದೇ ಆರಾಮ. ತೊಂದರೆ ಗೊತ್ತಾಗುವುದು ಪೂರ್ತಿ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸಾಲುಗಳೂ ಒಟ್ಟಿಗಿರುವ ಪ್ರತಿ, ಪ್ರಿಂಟ್ ಮಾಡುವಾಗ. ಫ್ಲೂಟ್, ಓಬೊ, ಕ್ಲಾರಿನೆಟ್, ಬಸ್ಸೂನ್, ಟ್ರಂಪೆಟ್ ತಲಾ ಎರಡು, ಹಾರ್ನ್ ನಾಲ್ಕು ಇದ್ದರೆ ಅಷ್ಟಕ್ಕೇ 14 ಸ್ಟಾಫ್ ಆಯಿತು. ಡ್ರಮ್ಮು, ತಂತಿ ವಾದ್ಯಗಳು ಇನ್ನೂ ಬಂದೇ ಇಲ್ಲ. ಎರಡೆರಡನ್ನು ಒಂದೊಂದು ಸ್ಟಾಫಿನಲ್ಲಿ ಕೂರಿಸಿದರೆ 14 ಹೋಗಿ 7 ಆಗುತ್ತದೆ. ನೋಟುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತವೆ, ಕಂಡಕ್ಟರ್ ಪುಟ ತಿರುಗಿಸುವುದೂ ಕಡಿಮೆಯಾಗುತ್ತದೆ.

ಸಾಫ್ಟ್‌ವೇರ್‌ನಲ್ಲಿ ಎರಡು ಸಾಲನ್ನು ಒಂದು ಮಾಡುವುದು ಹತ್ತು ಸೆಕೆಂಡಿನ ಕೆಲಸ. ಆದರೆ ಹಾಗೆ ಸೇರಿಸಿದ ಸಾಲಿನಲ್ಲಿ ಎರಡನೆಯ ಪಾರ್ಟಿನವರು (ಪಾರ್ಟ್ ಅಂದರೆ ಒಬ್ಬರು ನುಡಿಸುವ ಅಥವಾ ಹಾಡುವ ಸಾಲು) ತಡವರಿಸದೆ ತಮ್ಮ ನೋಟುಗಳನ್ನು ಹಿಡಿದು ಹೋಗಬೇಕಲ್ಲ, ಅದಕ್ಕೆ ಸಮಯ ಬೇಕು. ಹಾಗಾಗಿ ಈ ಲೇಖನದಲ್ಲಿ ಮೆನುಗಳ ಬಗ್ಗೆ ಎಷ್ಟು ಹೇಳುತ್ತೇನೋ, ಸೇರಿಸಿದ ಮೇಲೆ ಏನೇನು ಸರಿ ಮಾಡಬೇಕು ಅನ್ನುವುದನ್ನು ಅದಕ್ಕಿಂತ ಜಾಸ್ತಿ ಹೇಳುತ್ತೇನೆ.

ಹಂತಗಳನ್ನು ಮ್ಯೂಸ್‌ಸ್ಕೋರ್ ಇಟ್ಟುಕೊಂಡು ವಿವರಿಸುತ್ತೇನೆ. ಅದು ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸಿಬೇಲಿಯಸ್, ಫಿನಾಲೆ, ಡೊರಿಕೊ, ಲಿಲಿಪಾಂಡ್ ಬಳಸುವವರಿಗೆ ಬೇಕಾದ ಮಾತು ಕೊನೆಯ ಕಡೆಗೆ ಇದೆ.

ಶುರು ಮಾಡುವ ಮೊದಲು

ಫೈಲ್ ಅನ್ನು ಬೇರೆ ಹೆಸರಿನಲ್ಲಿ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಇದನ್ನು ಬಿಡಲೇಬೇಡಿ. ಬೇರೆ ಬೇರೆ ಸ್ಟಾಫ್ ಇರುವ ಮೂಲ ಫೈಲ್ ಮುಂದೆ ಬೇಕೇ ಬೇಕಾಗುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಎರಡನೆಯದಾಗಿ, ಎರಡೂ ವಾದ್ಯಗಳು ಒಂದೇ ಜಾತಿಯವೇ ಅಂತ ನೋಡಿ. ಎರಡು ಫ್ಲೂಟ್ ಆದರೆ ಸರಿ. ಎರಡು ಬಿ ಫ್ಲ್ಯಾಟ್ ಕ್ಲಾರಿನೆಟ್ ಆದರೂ ಸರಿ. ಫ್ಲೂಟ್ ಮತ್ತು ಬಿ ಫ್ಲ್ಯಾಟ್ ಕ್ಲಾರಿನೆಟ್ ಅನ್ನು ಒಂದೇ ಸ್ಟಾಫಿಗೆ ಹಾಕುವಂತಿಲ್ಲ. ಬಿ ಫ್ಲ್ಯಾಟ್ ಕ್ಲಾರಿನೆಟ್ ನುಡಿಸಿದಾಗ ಬರೆದ ಸ್ವರಕ್ಕಿಂತ ಒಂದು ಮೇಜರ್ ಸೆಕೆಂಡ್ (ಎರಡು ಅರ್ಧ ಸ್ವರದಷ್ಟು) ಕೆಳಗೆ ಕೇಳಿಸುತ್ತದೆ. ಹಾಗಾಗಿ ಎರಡಕ್ಕೂ ಬರೆಯುವ ಕೀ ಸಿಗ್ನೇಚರ್, ಅಂದರೆ ಸಾಲಿನ ಶುರುವಿನಲ್ಲಿ ಬರುವ ಶಾರ್ಪ್ (ಸ್ವರ ಏರಿಸುವ), ಫ್ಲ್ಯಾಟ್ (ಇಳಿಸುವ) ಗುರುತುಗಳು, ಬೇರೆ. ಒಂದು ಸ್ಟಾಫಿನ ಶುರುವಿನಲ್ಲಿ ಎರಡು ಕೀ ಸಿಗ್ನೇಚರ್ ಬರೆಯಲು ಆಗುವುದಿಲ್ಲ, ಅಲ್ವಾ? ಜೊತೆಗೆ, ಒಂದು ಸ್ಟಾಫಿಗೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂದೇ ವಾದ್ಯದ ದನಿ ಕೊಡುತ್ತದೆ. ಓಬೊ ಪಾರ್ಟನ್ನು ಫ್ಲೂಟ್ ಸ್ಟಾಫಿಗೆ ತಂದರೆ ಅದೂ ಫ್ಲೂಟ್ ಆಗಿಯೇ ಕೇಳಿಸುತ್ತದೆ.

ಮೂರನೆಯದು, ಈ ಸಾಲನ್ನು ಓದುವವರು ಯಾರು? ಕಂಡಕ್ಟರ್ ಮಾತ್ರ ಓದುವುದಾದರೆ ಸ್ವಲ್ಪ ಒತ್ತೊತ್ತಾಗಿದ್ದರೂ ನಡೆಯುತ್ತದೆ. ಹಾಡುವವರೋ ನುಡಿಸುವವರೋ ಇದನ್ನೇ ನೋಡಿಕೊಂಡು ಓದಬೇಕಾದರೆ ಪ್ರತಿ ಬಾರಿನಲ್ಲೂ (ಎರಡು ನಿಲುಗೆರೆಗಳ ನಡುವಿನ ಭಾಗ) ಎರಡು ಪಾರ್ಟ್ ಬಿಡಿಬಿಡಿಯಾಗಿ ಕಾಣಬೇಕು.

ಕಾರ್ಡ್ ಸಾಕಾ, ಎರಡು ವಾಯ್ಸ್ ಬೇಕಾ?

ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ ಇದು. ಒಂದೇ ಸ್ಟಾಫಿನಲ್ಲಿ ಎರಡು ಪಾರ್ಟ್ ಬರೆಯಲು ಎರಡು ದಾರಿಗಳಿವೆ. ಒಂದು, ಎರಡು ನೋಟುಗಳನ್ನು ಒಂದೇ ಕಡ್ಡಿಗೆ (ನೋಟಿನ ತಲೆಗೆ ಅಂಟಿದ ಉದ್ದ ಗೆರೆ) ಪೋಣಿಸಿ ಕಾರ್ಡ್ ಮಾಡುವುದು. ಇನ್ನೊಂದು, ಮೇಲಿನ ಪಾರ್ಟಿನ ಕಡ್ಡಿಗಳನ್ನು ಮೇಲಕ್ಕೂ ಕೆಳಗಿನ ಪಾರ್ಟಿನ ಕಡ್ಡಿಗಳನ್ನು ಕೆಳಕ್ಕೂ ತಿರುಗಿಸಿ ಬೇರೆ ಬೇರೆ ವಾಯ್ಸ್ ಆಗಿ ಇಡುವುದು.

ಒಂದು ಸಣ್ಣ ಉದಾಹರಣೆ ತೆಗೆದುಕೊಳ್ಳೋಣ. ಎರಡು ಫ್ಲೂಟ್, ಟ್ರೆಬಲ್ ಕ್ಲೆಫ್, ಸಿ ಮೇಜರ್, ನಾಲ್ಕು ಬೀಟಿನ ನಾಲ್ಕು ಬಾರ್.

ಮೊದಲ ಬಾರಿನಲ್ಲಿ ಮೇಲಿನ ಫ್ಲೂಟ್ ಇ, ಎಫ್, ಜಿ, ಇ ನುಡಿಸುತ್ತದೆ. ಕೆಳಗಿನದು ಸಿ, ಡಿ, ಇ, ಸಿ. ಎಲ್ಲವೂ ಒಂದೊಂದು ಬೀಟಿನ ಕ್ವಾರ್ಟರ್ ನೋಟುಗಳೇ. ಲಯ ಒಂದೇ ಆದ್ದರಿಂದ ಕಾರ್ಡ್ ಆಗಿ ಬರೆದರೆ ತುಂಬಾ ಚೊಕ್ಕಟವಾಗಿ ಕಾಣುತ್ತದೆ. ಎರಡನೆಯ ಬಾರಿನಲ್ಲಿ ಮೇಲಿನ ಫ್ಲೂಟ್ ಪೂರ್ತಿ ಬಾರಿಗೆ ಒಂದೇ ಜಿ ಹಿಡಿದು ನಿಲ್ಲುತ್ತದೆ, ಕೆಳಗಿನದು ಇ, ಡಿ, ಸಿ, ಡಿ ಅಂತ ನಾಲ್ಕು ಕ್ವಾರ್ಟರ್ ನುಡಿಸುತ್ತದೆ. ಇಲ್ಲಿ ಕಾರ್ಡ್ ಆಗುವುದೇ ಇಲ್ಲ. ಒಂದು ವೋಲ್ ನೋಟು, ನಾಲ್ಕು ಕ್ವಾರ್ಟರ್ ನೋಟು ಒಂದೇ ಕಡ್ಡಿಯಲ್ಲಿ ಕೂರಲಾರವು. ಎರಡು ವಾಯ್ಸ್ ಬೇಕೇ ಬೇಕು. ಮೂರನೆಯ ಬಾರಿನಲ್ಲಿ ಇಬ್ಬರೂ ಸಿ, ಡಿ ಅಂತ ಎರಡು ಹಾಫ್ ನೋಟು ನುಡಿಸುತ್ತಾರೆ, ಒಂದೇ ಸ್ವರ. ನಾಲ್ಕನೆಯದರಲ್ಲಿ ಮೇಲಿನ ಫ್ಲೂಟ್‌ಗೆ ಒಂದು ಇ ಇದೆ, ಎರಡನೆಯದು ಸುಮ್ಮನಿರುತ್ತದೆ.

ಸುಮ್ನೆ ನಿಯಮ ಹಿಡಿದು ಹೋದರೆ ಮೊದಲ ಬಾರ್ ಕಾರ್ಡ್, ಎರಡನೆಯದು ವಾಯ್ಸ್, ಮೂರನೆಯದು ಒಂಟಿ ನೋಟು ಅಂತ ಪ್ರತಿ ಬಾರಿಗೂ ವೇಷ ಬದಲಾಗುತ್ತದೆ. ಓದುವವರ ಕಣ್ಣಿಗೆ ಇದು ತ್ರಾಸ. ನಾನು ಮಾಡುವುದೇನೆಂದರೆ, ಬಾರ್ ನೋಡಿ ತೀರ್ಮಾನಿಸದೆ ಸಂಗೀತದ ಪೂರ್ತಿ ಸಾಲು ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಅಂತ ನೋಡುತ್ತೇನೆ. ಇಲ್ಲಿ ಮೊದಲ ಎರಡು ಬಾರ್ ಒಂದೇ ಉಸಿರಿನವು. ಆದ್ದರಿಂದ ಎರಡನ್ನೂ ಎರಡು ವಾಯ್ಸ್ ಆಗಿಯೇ ಇಡುತ್ತೇನೆ. ಮೂರನೆಯದರಲ್ಲಿ ಒಂದೇ ಸಾಲು ನೋಟು ಬರೆದು ಮೇಲೆ 'ಎ2' ಅಂತ ಗುರುತು ಹಾಕುತ್ತೇನೆ. ಇಟಾಲಿಯನ್‌ನ 'ಆ ದೂಯೆ' ಅದು, ಇಬ್ಬರೂ ಇದನ್ನೇ ನುಡಿಸಿ ಅಂತ ಅರ್ಥ. ನಾಲ್ಕನೆಯ ಬಾರಿಗೆ '1.' ಅಂತ ಬರೆದರೆ ಮೊದಲ ಫ್ಲೂಟ್ ಮಾತ್ರ ಅಂತ ತಿಳಿಯುತ್ತದೆ.

ಹಾಡಿನ ಗುಂಪಿಗೆ ಬರೆಯುವಾಗ ಈ ಲೆಕ್ಕ ಇಲ್ಲ. ಹೆಣ್ಣು ದನಿಗಳಾದ ಸೊಪ್ರಾನೊ, ಆಲ್ಟೊ ಒಂದು ಸ್ಟಾಫ್. ಟೆನರ್, ಬೇಸ್ ಇನ್ನೊಂದು ಸ್ಟಾಫ್. ಸೊಪ್ರಾನೊ ಮತ್ತು ಟೆನರ್ ಕಡ್ಡಿಗಳು ಮೇಲಕ್ಕೆ, ಆಲ್ಟೊ ಮತ್ತು ಬೇಸ್ ಕಡ್ಡಿಗಳು ಕೆಳಕ್ಕೆ. ಲಯ ಒಂದೇ ಇದ್ದರೂ ಹಾಗೇ ಇಡಿ. ಆಲ್ಟೊ ಹಾಡುವವರು ಹಾಡು ಮುಗಿಯುವವರೆಗೂ 'ಕೆಳಗಿನ ಕಡ್ಡಿ ನನ್ನದು' ಅಂತ ನಂಬಿ ಹೋಗುತ್ತಿರುತ್ತಾರೆ. ಆ ನಂಬಿಕೆಯನ್ನು ನಡುವೆ ಮುರಿಯಬಾರದು.

ವಾಯ್ಸ್ ಅಂದರೆ ಏನು?

ಇಲ್ಲಿ ವಾಯ್ಸ್ ಅಂದರೆ ಮನುಷ್ಯರ ದನಿ ಅಲ್ಲ. ಒಂದು ಸ್ಟಾಫಿನೊಳಗೆ ತನ್ನದೇ ಲಯದಲ್ಲಿ ನಡೆಯುವ ಒಂದು ಎಳೆ ಅಂತ ತಿಳಿದುಕೊಳ್ಳಿ. ಮ್ಯೂಸ್‌ಸ್ಕೋರ್‌ನಲ್ಲಿ ಒಂದು ಸ್ಟಾಫಿಗೆ ನಾಲ್ಕು ವಾಯ್ಸ್ ಇರುತ್ತವೆ. ನೋಟನ್ನು ಆಯ್ಕೆ ಮಾಡಿದಾಗ ಬಣ್ಣದಿಂದ ಗುರುತು ಸಿಗುತ್ತದೆ. ಮೊದಲನೆಯದು ನೀಲಿ, ಎರಡನೆಯದು ಹಸಿರು. ಎರಡು ಪಾರ್ಟ್ ಸೇರಿಸಲು ಈ ಎರಡೇ ಸಾಕು. ಕೆಲವರು ಗೊತ್ತಿಲ್ಲದೆ 1 ಮತ್ತು 3 ಬಳಸುತ್ತಾರೆ. ಮೂರನೆಯ ವಾಯ್ಸ್‌ನ ಕಡ್ಡಿಯೂ ಮೇಲಕ್ಕೇ ಹೋಗುವುದರಿಂದ ಎರಡು ಪಾರ್ಟಿನ ಕಡ್ಡಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ.

ಕಡ್ಡಿಯ ವಿಷಯ ಹತ್ತಿರದಿಂದ ನೋಡಿ. ಒಂಟಿ ಪಾರ್ಟ್ ಇದ್ದಾಗ ನಡುಗೆರೆಗಿಂತ ಮೇಲಿನ ನೋಟಿನ ಕಡ್ಡಿ ಕೆಳಕ್ಕೆ ಇಳಿಯುತ್ತದೆ, ಕೆಳಗಿನ ನೋಟಿನ ಕಡ್ಡಿ ಮೇಲಕ್ಕೆ ಏರುತ್ತದೆ. ನಮ್ಮ ಉದಾಹರಣೆಯ ಮೊದಲ ಇ ಸ್ಟಾಫಿನ ಎಲ್ಲಕ್ಕಿಂತ ಮೇಲಿನ ಜಾಗದಲ್ಲಿದೆ. ಅದು ಒಂದೇ ಇದ್ದರೆ ಕಡ್ಡಿ ಕೆಳಕ್ಕೆ. ಅದೇ ಸ್ಟಾಫಿಗೆ ಎರಡನೆಯ ವಾಯ್ಸ್ ಬಂದ ಕೂಡಲೇ ಇ ತನ್ನ ಕಡ್ಡಿಯನ್ನು ಮೇಲಕ್ಕೆ ಎತ್ತುತ್ತದೆ, ಕೆಳಗಿನ ಸಿ ತನ್ನದನ್ನು ಕೆಳಕ್ಕೆ ಬಿಡುತ್ತದೆ. ಇದು ತಾನಾಗಿಯೇ ಆಗುತ್ತದೆ. ಹಾಗಾಗಿ ಮೂಲ ಫೈಲಿನಲ್ಲಿ ನೀವು ಎಕ್ಸ್ ಕೀ ಒತ್ತಿ ಕೈಯಿಂದ ಕಡ್ಡಿ ತಿರುಗಿಸಿದ್ದರೆ ಮೊದಲು ಅದನ್ನೆಲ್ಲ ರೀಸೆಟ್ ಮಾಡಿ. ಇಲ್ಲದಿದ್ದರೆ ಸೇರಿಸಿದ ಮೇಲೆ ಅಲ್ಲೊಂದು ಇಲ್ಲೊಂದು ಕಡ್ಡಿ ತಪ್ಪು ದಿಕ್ಕಿಗೆ ನಿಂತಿರುತ್ತದೆ, ಹುಡುಕುವುದೇ ಒಂದು ಕೆಲಸ.

ಬೇಗ ಆಗುವ ದಾರಿ: ಇಂಪ್ಲೋಡ್

ಪ್ರತಿ ಮಾಡಿದ ಫೈಲ್ ತೆರೆಯಿರಿ. ಎರಡು ಸ್ಟಾಫ್ ಒಂದರ ಕೆಳಗೊಂದು ಇರಬೇಕು. ನಡುವೆ ಬೇರೆ ವಾದ್ಯ ಇದ್ದರೆ ಇನ್‌ಸ್ಟ್ರುಮೆಂಟ್ಸ್ ಪ್ಯಾನೆಲ್‌ನಲ್ಲಿ ಹಿಡಿದು ಎಳೆದು ಜಾಗ ಬದಲಿಸಿ.

ಮೇಲಿನ ಸ್ಟಾಫಿನ ಮೊದಲ ಬಾರಿನ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ. ಶಿಫ್ಟ್ ಒತ್ತಿ ಹಿಡಿದು ಕೆಳಗಿನ ಸ್ಟಾಫಿನ ಕೊನೆಯ ಬಾರಿನಲ್ಲಿ ಕ್ಲಿಕ್ ಮಾಡಿ. ಎರಡೂ ಸ್ಟಾಫ್ ಸುತ್ತ ನೀಲಿ ಚೌಕ ಬರುತ್ತದೆ. ಬಾರ್‌ಗಳು ಪೂರ್ತಿಯಾಗಿ ಆಯ್ಕೆ ಆಗಿರಲಿ, ಅರ್ಧ ಬಾರ್ ಬೇಡ. ಈಗ ಟೂಲ್ಸ್ ಮೆನುವಿನಲ್ಲಿ ಇಂಪ್ಲೋಡ್ ಆರಿಸಿ. ಕೆಳಗಿನ ಸ್ಟಾಫಿನ ನೋಟುಗಳು ಮೇಲಿನ ಸ್ಟಾಫಿಗೆ ಎರಡನೆಯ ವಾಯ್ಸ್ ಆಗಿ ಬಂದು ಕೂರುತ್ತವೆ. ಕೆಳಗಿನ ಸ್ಟಾಫ್ ಹಾಗೇ ಉಳಿದಿರುತ್ತದೆ. ಅದನ್ನು ತಕ್ಷಣ ಅಳಿಸಬೇಡಿ. ಒಂದೊಂದೇ ಬಾರ್ ಹೋಲಿಸಿ ನೋಡಲು ಅದು ಪಕ್ಕದಲ್ಲೇ ಇದ್ದರೆ ಅನುಕೂಲ.

ಮೂಲದ ಪಾರ್ಟಿನಲ್ಲೇ ಎರಡು ವಾಯ್ಸ್ ಇದ್ದರೆ ಎಚ್ಚರ. ಒಂದು ಸ್ಟಾಫಿಗೆ ನಾಲ್ಕಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಸಿಕ್ಕ ಮೊದಲ ನಾಲ್ಕು ಎಳೆಗಳು ಮಾತ್ರ ಬರುತ್ತವೆ.

ಈ ಇಂಪ್ಲೋಡ್‌ಗೆ ಇನ್ನೊಂದು ಮುಖವೂ ಇದೆ. ಒಂದೇ ಸ್ಟಾಫ್ ಆಯ್ಕೆ ಮಾಡಿ ಇದನ್ನೇ ಕೊಟ್ಟರೆ, ಆ ಸ್ಟಾಫಿನೊಳಗಿನ ವಾಯ್ಸ್‌ಗಳೆಲ್ಲ ಮೊದಲ ವಾಯ್ಸ್‌ಗೆ ಸೇರಿ ಕಾರ್ಡ್ ಆಗುತ್ತವೆ. ಒಂದೇ ಸ್ವರ ಎರಡು ಸಲ ಇದ್ದರೆ ಒಂದು ಹೋಗುತ್ತದೆ. ನಮ್ಮ ಉದಾಹರಣೆಯ ಮೂರನೆಯ ಬಾರಿಗೆ ಇದೇ ಬೇಕಾಗಿದ್ದದ್ದು. ಆ ಬಾರ್ ಒಂದನ್ನೇ ಆಯ್ಕೆ ಮಾಡಿ ಮತ್ತೆ ಇಂಪ್ಲೋಡ್ ಕೊಡಿ, ಆಮೇಲೆ 'ಎ2' ಬರೆಯಿರಿ. ಲಯ ಬೇರೆ ಇರುವ ಬಾರಿಗೆ ಮಾತ್ರ ಇದನ್ನು ಕೊಡಬೇಡಿ, ನೋಟುಗಳು ಎಕ್ಕುಟ್ಟಿ ಹೋಗುತ್ತವೆ.

ಕೈಯಿಂದ ಸೇರಿಸುವ ದಾರಿ

ಹಾಡಿನ ನಡುವೆ ಎಂಟೇ ಬಾರ್ ಸೇರಿಸಬೇಕು, ಅಥವಾ ಎರಡು ಸ್ಟಾಫ್ ದೂರ ದೂರ ಇವೆ, ಆಗ ಕಾಪಿ-ಪೇಸ್ಟ್ ಒಳ್ಳೆಯದು. ಆದರೆ ಇಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ಒಂದು ಸಲ ಆಲ್ಟೊ ಪಾರ್ಟ್ ಕಾಪಿ ಮಾಡಿ ಸೊಪ್ರಾನೊ ಸ್ಟಾಫಿನ ಮೇಲೆ ನೇರವಾಗಿ ಪೇಸ್ಟ್ ಮಾಡಿಬಿಟ್ಟೆ. ಎರಡೂ ಸೇರುತ್ತವೆ ಅಂದುಕೊಂಡಿದ್ದೆ. ಸೊಪ್ರಾನೊ ಅಳಿಸಿಹೋಗಿ ಆ ಜಾಗದಲ್ಲಿ ಆಲ್ಟೊ ಬಂದಿತ್ತು. ಎಂಟು ಬಾರ್ ಅಷ್ಟೇ ಆದ್ದರಿಂದ ಕಣ್ಣಿಗೆ ಬೀಳಲಿಲ್ಲ. ಅಭ್ಯಾಸಕ್ಕೆ ಎಲ್ಲರೂ ಸೇರಿದ ದಿನ ಸೊಪ್ರಾನೊ ಹಾಡುವವರು 'ಇದು ನಮ್ಮ ಸಾಲಲ್ಲ' ಅಂತ ನಿಲ್ಲಿಸಿದಾಗ ಗೊತ್ತಾಯಿತು. ಅವತ್ತಿನ ಅಭ್ಯಾಸ ಅರ್ಧಕ್ಕೇ ನಿಂತಿತು. ಅಷ್ಟು ಜನರ ಸಮಯ ಹಾಳಾಯಿತಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಹೀಗಾಗುವುದು ಯಾಕೆ? ಎರಡು ಸ್ಟಾಫಿನಲ್ಲೂ ನೋಟುಗಳು ಮೊದಲ ವಾಯ್ಸ್‌ನಲ್ಲೇ ಇರುತ್ತವೆ. ಮೊದಲ ವಾಯ್ಸ್ ಮೇಲೆ ಮೊದಲ ವಾಯ್ಸ್ ಪೇಸ್ಟ್ ಮಾಡಿದರೆ ಹಳೆಯದು ಹೋಗಿ ಹೊಸದು ಬರುತ್ತದೆ. ಆದ್ದರಿಂದ ಕಾಪಿ ಮಾಡುವ ಮೊದಲೇ ಕೆಳಗಿನ ಪಾರ್ಟನ್ನು ಎರಡನೆಯ ವಾಯ್ಸ್‌ಗೆ ಬದಲಿಸಬೇಕು.

ಕ್ರಮ ಹೀಗಿದೆ. ಕೆಳಗಿನ ಸ್ಟಾಫಿನ ಬೇಕಾದ ಬಾರ್‌ಗಳನ್ನು ಆಯ್ಕೆ ಮಾಡಿ. ಟೂಲ್ಸ್ ಮೆನುವಿನಲ್ಲಿ ವಾಯ್ಸಸ್ ಒಳಗೆ 1 ಮತ್ತು 2 ಅದಲುಬದಲು ಮಾಡುವ ಎಕ್ಸ್‌ಚೇಂಜ್ ಆಯ್ಕೆ ಇದೆ, ಅದನ್ನು ಕೊಡಿ. ನೋಟುಗಳೆಲ್ಲ ಹಸಿರಾಗುತ್ತವೆ. ಮೊದಲ ವಾಯ್ಸ್‌ನಲ್ಲಿ ಈಗ ಖಾಲಿ ರೆಸ್ಟ್‌ಗಳಿವೆ (ಸುಮ್ಮನಿರಬೇಕಾದ ಹೊತ್ತಿನ ಗುರುತುಗಳು). ಹಾಗೇ ಕಾಪಿ ಮಾಡಿದರೆ ಆ ರೆಸ್ಟ್‌ಗಳೂ ಜೊತೆಗೆ ಬಂದು ಮೇಲಿನ ಸ್ಟಾಫಿನ ಮೊದಲ ವಾಯ್ಸ್ ಅನ್ನು ಅಳಿಸುತ್ತವೆ. ಅದನ್ನು ತಡೆಯಲು ಎಫ್6 ಒತ್ತಿ, ಸೆಲೆಕ್ಷನ್ ಫಿಲ್ಟರ್ ತೆರೆಯುತ್ತದೆ. ಅಲ್ಲಿ ವಾಯ್ಸ್ 1ರ ಟಿಕ್ ತೆಗೆಯಿರಿ. ಈಗ ಕಾಪಿ ಮಾಡಿ, ಮೇಲಿನ ಸ್ಟಾಫಿನ ಅದೇ ಬಾರ್ ಮೇಲೆ ಪೇಸ್ಟ್ ಮಾಡಿ. ನೀಲಿ ಎಳೆಯ ಕೆಳಗೆ ಹಸಿರು ಎಳೆ ಬಂದು ಸೇರುತ್ತದೆ.

ಮುಗಿದ ಮೇಲೆ ಫಿಲ್ಟರ್‌ನಲ್ಲಿ ವಾಯ್ಸ್ 1ಕ್ಕೆ ಮತ್ತೆ ಟಿಕ್ ಹಾಕಲು ಮರೆಯಬೇಡಿ. ಮರೆತರೆ ಆಮೇಲೆ ಏನು ಆಯ್ಕೆ ಮಾಡಿದರೂ ಅರ್ಧ ನೋಟುಗಳು ಬಿಟ್ಟುಹೋಗುತ್ತವೆ, ಸಾಫ್ಟ್‌ವೇರ್ ಕೆಟ್ಟಿದೆಯೇನೋ ಅಂತ ಅನುಮಾನ ಬರುತ್ತದೆ.

ಎರಡನೆಯ ಪಾರ್ಟನ್ನು ಹೊಸದಾಗಿಯೇ ಬರೆಯುವುದಾದರೆ ಇದ್ಯಾವುದೂ ಬೇಡ. ಎನ್ ಕೀ ಒತ್ತಿ ನೋಟು ಬರೆಯುವ ಸ್ಥಿತಿಗೆ ಹೋಗಿ, ಕಂಟ್ರೋಲ್, ಆಲ್ಟ್ ಮತ್ತು 2 ಒಟ್ಟಿಗೆ ಒತ್ತಿ, ಬರೆಯುತ್ತಾ ಹೋಗಿ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಶನ್ ಮತ್ತು 2.

ಸೇರಿಸಿದ ಮೇಲೆ ಒಪ್ಪ ಮಾಡುವುದು

ಮೊದಲು ರೆಸ್ಟ್‌ಗಳನ್ನು ನೋಡಿ. ಎರಡು ವಾಯ್ಸ್ ಇರುವ ಬಾರಿನಲ್ಲಿ ಮೊದಲನೆಯದರ ರೆಸ್ಟ್ ಮೇಲಕ್ಕೂ ಎರಡನೆಯದರ ರೆಸ್ಟ್ ಕೆಳಕ್ಕೂ ಸರಿದು ನಿಲ್ಲುತ್ತದೆ. ಒಬ್ಬರು ನುಡಿಸಿ ಇನ್ನೊಬ್ಬರು ಸುಮ್ಮನಿದ್ದಾಗ ಇದು ಸರಿ. ಇಬ್ಬರೂ ಸುಮ್ಮನಿದ್ದಾಗ ಒಂದರ ಮೇಲೊಂದು ಎರಡು ರೆಸ್ಟ್ ಬಂದರೆ ನೋಡಲು ಕಸ. ಒಂದೇ ಅಳತೆಯ ರೆಸ್ಟ್‌ಗಳನ್ನು ಒಂದು ಮಾಡಲು ಮ್ಯೂಸ್‌ಸ್ಕೋರ್‌ನ ಸ್ಟಾಫ್ ಗುಣಗಳಲ್ಲಿ ಮರ್ಜ್ ಮ್ಯಾಚಿಂಗ್ ರೆಸ್ಟ್ಸ್ ಎಂಬ ಆಯ್ಕೆ ಇದೆ. ಎರಡನೆಯ ವಾಯ್ಸ್‌ನ ಬೇಡದ ರೆಸ್ಟ್ ಅನ್ನು ಆಯ್ಕೆ ಮಾಡಿ ಡಿಲೀಟ್ ಒತ್ತಿದರೆ ಹೋಗುತ್ತದೆ. ಮೊದಲ ವಾಯ್ಸ್‌ನ ರೆಸ್ಟ್ ಹಾಗೆ ಅಳಿಯುವುದಿಲ್ಲ, ವಿ ಕೀ ಒತ್ತಿ ಮರೆಮಾಡಬೇಕು. ನಮ್ಮ ನಾಲ್ಕನೆಯ ಬಾರಿನಲ್ಲಿ ಎರಡನೆಯ ವಾಯ್ಸ್‌ನ ರೆಸ್ಟ್ ಅಳಿಸಿ '1.' ಬರೆದರೆ ಕಡ್ಡಿಯೂ ತನ್ನ ಮಾಮೂಲಿ ದಿಕ್ಕಿಗೆ ಮರಳುತ್ತದೆ.

ಆದರೆ ಹಾಡಿನ ಗುಂಪಿಗೆ ಬರೆದದ್ದಾದರೆ ರೆಸ್ಟ್ ಅಳಿಸಲು ಕೈ ಹಾಕಬೇಡಿ. ಆಲ್ಟೊದವರು ಎಷ್ಟು ಬೀಟ್ ಕಾಯಬೇಕು ಅಂತ ಅವರಿಗೆ ಕಾಣಬೇಕು.

ಒಂದೇ ಸ್ವರಕ್ಕೆ ಇಬ್ಬರೂ ಬಂದಾಗ ಏನಾಗುತ್ತದೆ? ಅಳತೆ ಒಂದೇ ಇದ್ದರೆ ಒಂದೇ ತಲೆಗೆ ಮೇಲೊಂದು ಕೆಳಗೊಂದು ಕಡ್ಡಿ ಬರುತ್ತದೆ. ಇದು ತುಂಬಾ ಸ್ಪಷ್ಟ. ಒಬ್ಬರಿಗೆ ಹಾಫ್ ನೋಟು, ಇನ್ನೊಬ್ಬರಿಗೆ ಕ್ವಾರ್ಟರ್ ನೋಟು ಇದ್ದರೆ ತಲೆ ಹಂಚಿಕೊಳ್ಳಲು ಆಗುವುದಿಲ್ಲ. ಹಾಫ್ ನೋಟಿನ ತಲೆ ಟೊಳ್ಳು, ಕ್ವಾರ್ಟರ್‌ನದು ತುಂಬಿದ್ದು. ಎರಡೂ ಪಕ್ಕಪಕ್ಕ ಕೂರುತ್ತವೆ, ಹಾಗೇ ಬಿಡಿ. ವೋಲ್ ನೋಟಿಗೆ ಕಡ್ಡಿಯೇ ಇಲ್ಲ. ಹಾಗಾಗಿ ಇಬ್ಬರಿಗೂ ಅದೇ ಸ್ವರದ ವೋಲ್ ನೋಟು ಇದ್ದರೆ ಎರಡನ್ನೂ ಪಕ್ಕಪಕ್ಕ ತೋರಿಸುವುದು ವಾಡಿಕೆ. ಒಂದೇ ಕಂಡರೆ ಎರಡನೆಯವರು 'ನನಗೆ ಇಲ್ಲ' ಅಂದುಕೊಳ್ಳುತ್ತಾರೆ.

ಎರಡು ಸ್ವರಗಳ ನಡುವೆ ಸೆಕೆಂಡ್ ಅಂತರ ಇದ್ದಾಗ, ಅಂದರೆ ಒಂದು ಗೆರೆಯ ಮೇಲೆ, ಇನ್ನೊಂದು ಅದರ ಪಕ್ಕದ ಜಾಗದಲ್ಲಿ ಬಂದಾಗ, ತಲೆಗಳು ಒಂದರ ಮೇಲೊಂದು ಕೂರಲು ಜಾಗ ಸಾಲುವುದಿಲ್ಲ. ಮೇಲಿನ ನೋಟು ಎಡಕ್ಕೆ, ಕೆಳಗಿನದು ಬಲಕ್ಕೆ ನಿಲ್ಲುತ್ತವೆ. ಮೇಲಕ್ಕೆ ಹೋಗುವ ಕಡ್ಡಿ ತಲೆಯ ಬಲಗಡೆ, ಕೆಳಕ್ಕೆ ಇಳಿಯುವ ಕಡ್ಡಿ ತಲೆಯ ಎಡಗಡೆ ಇರುವುದರಿಂದ ಎರಡು ಕಡ್ಡಿಗಳು ಹತ್ತಿರ ಹತ್ತಿರ ಒಂದೇ ನೇರಕ್ಕೆ ಬರುತ್ತವೆ. ಸಾಫ್ಟ್‌ವೇರ್ ಇದನ್ನು ಚೆನ್ನಾಗಿಯೇ ಮಾಡುತ್ತದೆ. 'ನೋಟು ಜರುಗಿಬಿಟ್ಟಿದೆ' ಅಂತ ಕೈಯಿಂದ ಸರಿಸಲು ಹೋಗಬೇಡಿ.

ಪಾರ್ಟ್‌ಗಳು ಒಂದನ್ನೊಂದು ದಾಟುವ ಜಾಗಗಳು ಇನ್ನೂ ಸೂಕ್ಷ್ಮ. ಎರಡನೆಯ ಫ್ಲೂಟ್ ಎರಡು ಬೀಟ್ ಮಾತ್ರ ಮೊದಲನೆಯದಕ್ಕಿಂತ ಮೇಲೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಮೇಲಿನ ನೋಟಿನ ಕಡ್ಡಿ ಕೆಳಕ್ಕೆ, ಕೆಳಗಿನ ನೋಟಿನ ಕಡ್ಡಿ ಮೇಲಕ್ಕೆ ಬಂದು ಹೆಣೆದುಕೊಳ್ಳುತ್ತವೆ. ನೋಡಲು ಅಂದವಿಲ್ಲದಿದ್ದರೂ ಕಡ್ಡಿಯ ದಿಕ್ಕು ಬದಲಿಸಬಾರದು, ಯಾವ ನೋಟು ಯಾರದು ಅಂತ ಹೇಳುವುದೇ ಅದು. ದಾಟುವುದು ಒಂದೆರಡು ಬಾರಿಗಿಂತ ಜಾಸ್ತಿ ಇದ್ದರೆ ಆ ಭಾಗವನ್ನು ಎರಡು ಸ್ಟಾಫಿನಲ್ಲೇ ಬಿಡಿ ಅನ್ನುವುದು ನನ್ನ ಸಲಹೆ. ಎಲ್ಲವನ್ನೂ ಸೇರಿಸಲೇಬೇಕು ಅಂತ ಏನೂ ಇಲ್ಲ.

ಶಾರ್ಪ್, ಫ್ಲ್ಯಾಟ್ ಚಿಹ್ನೆಗಳು ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಇಲ್ಲಿ. ಮೊದಲ ಬೀಟಿನಲ್ಲಿ ಮೇಲಿನ ಫ್ಲೂಟ್‌ಗೆ ಎಫ್ ಶಾರ್ಪ್ ಇದೆ. ಮೂರನೆಯ ಬೀಟಿನಲ್ಲಿ ಕೆಳಗಿನ ಫ್ಲೂಟ್‌ಗೂ ಅದೇ ಎಫ್ ಶಾರ್ಪ್ ಬರುತ್ತದೆ. ಬೇರೆ ಸ್ಟಾಫಿನಲ್ಲಿದ್ದಾಗ ಎರಡಕ್ಕೂ ಶಾರ್ಪ್ ಚಿಹ್ನೆ ಇತ್ತು. ಒಂದೇ ಸ್ಟಾಫಿಗೆ ಬಂದ ಮೇಲೆ, ಒಮ್ಮೆ ಬಂದ ಶಾರ್ಪ್ ಬಾರ್ ಮುಗಿಯುವವರೆಗೂ ನಡೆಯುತ್ತದೆ ಅಂತ ಸಾಫ್ಟ್‌ವೇರ್ ಎರಡನೆಯ ಚಿಹ್ನೆಯನ್ನು ತೆಗೆದುಬಿಡುತ್ತದೆ. ಆದರೆ ಎರಡನೆಯ ಫ್ಲೂಟಿನವರ ಕಣ್ಣು ಕೆಳಗಿನ ಎಳೆಯ ಮೇಲೆ ಮಾತ್ರ ಇರುತ್ತದೆ. ಮೇಲಿನವರ ಶಾರ್ಪ್ ಅವರಿಗೆ ಕಾಣದೆ ಹೋಗಬಹುದು, ಅವರು ಬರಿಯ ಎಫ್ ನುಡಿಸಬಹುದು. ಹೀಗಿರುವ ಕಡೆಯೆಲ್ಲ ನೋಟು ಆಯ್ಕೆ ಮಾಡಿ ಪ್ಯಾಲೆಟ್‌ನಿಂದ ಶಾರ್ಪ್ ಅನ್ನು ನೀವೇ ಹಾಕಿ. ಒಂದು ಚಿಹ್ನೆ ಜಾಸ್ತಿಯಾದರೆ ಯಾರಿಗೂ ನಷ್ಟವಿಲ್ಲ.

ನೋಟುಗಳನ್ನು ಜೋಡಿಸುವ ಬಾಗುಗೆರೆಗಳಾದ ಸ್ಲರ್ ಮತ್ತು ಟೈ ಮೊದಲ ವಾಯ್ಸ್‌ಗೆ ಮೇಲೆ, ಎರಡನೆಯದಕ್ಕೆ ಕೆಳಗೆ ಬಾಗಬೇಕು. ಜೋರು-ಮೆಲು ಹೇಳುವ ಡೈನಾಮಿಕ್ಸ್ ಇಬ್ಬರಿಗೂ ಒಂದೇ ಇದ್ದರೆ ಸ್ಟಾಫಿನ ಕೆಳಗೆ ಒಂದು ಸಾಕು, ಇಂಪ್ಲೋಡ್ ಆದ ಮೇಲೆ ಎರಡೆರಡು ಬಂದಿದ್ದರೆ ಒಂದನ್ನು ಅಳಿಸಿ. ಬೇರೆ ಬೇರೆ ಇದ್ದರೆ ಮೊದಲನೆಯವರದು ಮೇಲೆ, ಎರಡನೆಯವರದು ಕೆಳಗೆ. ಹಾಡಿನ ಸಾಹಿತ್ಯಕ್ಕೂ ಇದೇ ರೀತಿ. ಲಯ ಒಂದೇ ಇದ್ದರೆ ಒಂದು ಸಾಲು ಸಾಹಿತ್ಯ ಸಾಕು. ಮಾತುಗಳು ಬೇರೆ ಬೇರೆ ಹೊತ್ತಿಗೆ ಬಿದ್ದರೆ ಸೊಪ್ರಾನೊ ಸಾಹಿತ್ಯವನ್ನು ಸ್ಟಾಫಿನ ಮೇಲಕ್ಕೆ ಏರಿಸಿ, ಆಲ್ಟೊದ್ದು ಕೆಳಗೇ ಇರಲಿ.

ಬೇರೆ ಸಾಫ್ಟ್‌ವೇರ್ ಬಳಸುವವರಿಗೆ

ಸಿಬೇಲಿಯಸ್‌ನಲ್ಲೂ ನಾಲ್ಕು ವಾಯ್ಸ್ ಇವೆ. ನೋಟುಗಳನ್ನು ಆಯ್ಕೆ ಮಾಡಿ ಆಲ್ಟ್ ಮತ್ತು 2 ಒತ್ತಿದರೆ ಅವು ಎರಡನೆಯ ವಾಯ್ಸ್‌ಗೆ ಹೋಗುತ್ತವೆ.

ಫಿನಾಲೆಯಲ್ಲಿ ಇದಕ್ಕೆ ಲೇಯರ್ ಅನ್ನುತ್ತಾರೆ. ಲಯ ಒಂದೇ ಇರುವ ಸಾಲುಗಳಿಗೆ ಯುಟಿಲಿಟೀಸ್ ಮೆನುವಿನ ಇಂಪ್ಲೋಡ್ ಮ್ಯೂಸಿಕ್ ಇದೆ. ಲಯ ಬೇರೆ ಇದ್ದರೆ ಕೆಳಗಿನ ಪಾರ್ಟನ್ನು ಮೊದಲು ಲೇಯರ್ 2ಕ್ಕೆ ಬದಲಿಸಿ, ಆ ಲೇಯರ್ ಮಾತ್ರ ಕಾಣುವ ಹಾಗೆ ಮಾಡಿ ಕಾಪಿ ಮಾಡಿ. ಆಗ ಮೇಲಿನ ಪಾರ್ಟಿಗೆ ಪೆಟ್ಟಾಗುವುದಿಲ್ಲ. ಫಿನಾಲೆಯ ಬೆಳವಣಿಗೆ ನಿಲ್ಲಿಸುವುದಾಗಿ ಅದರ ತಯಾರಕರು 2024ರ ಆಗಸ್ಟ್‌ನಲ್ಲಿ ಹೇಳಿದ್ದಾರೆ. ಹಳೆಯ ಫೈಲ್‌ಗಳನ್ನು ಮ್ಯೂಸಿಕ್ ಎಕ್ಸ್‌ಎಂಎಲ್ (ಸಾಫ್ಟ್‌ವೇರ್‌ಗಳ ನಡುವೆ ಸ್ಕೋರ್ ಸಾಗಿಸುವ ಫೈಲ್ ಬಗೆ) ಮೂಲಕ ಬೇರೆ ಕಡೆಗೆ ತರುವವರು, ತಂದ ಮೇಲೆ ಎರಡೂ ಪಾರ್ಟ್ ಸರಿಯಾದ ವಾಯ್ಸ್‌ನಲ್ಲಿವೆಯೇ ಅಂತ ಮೊದಲು ನೋಡಿಕೊಳ್ಳಿ.

ಡೊರಿಕೊ ದಾರಿಯೇ ಬೇರೆ. 2019ರಲ್ಲಿ ಬಂದ ಡೊರಿಕೊ 3ರಿಂದ ಅದರ ಪ್ರೊ ಆವೃತ್ತಿಯಲ್ಲಿ ಕಂಡೆನ್ಸಿಂಗ್ ಎಂಬ ಸೌಲಭ್ಯ ಇದೆ. ನೀವು ಇಬ್ಬರು ವಾದಕರಿಗೆ ಬೇರೆ ಬೇರೆ ಬರೆದಿರುತ್ತೀರಿ. ಸ್ಕೋರ್‌ನಲ್ಲಿ ಕಂಡೆನ್ಸಿಂಗ್ ಆನ್ ಮಾಡಿದರೆ ಅದೇ ನೋಡಿಕೊಂಡು ಕಡ್ಡಿ ಹಂಚುತ್ತದೆ, 'ಎ2', '1.' ಗುರುತುಗಳನ್ನೂ ಹಾಕುತ್ತದೆ. ಮೂಲ ಹಾಗೇ ಇರುತ್ತದೆ. ದೊಡ್ಡ ಆರ್ಕೆಸ್ಟ್ರಾಕ್ಕೆ ದಿನವೂ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ನಾನು ನೋಡಿಲ್ಲ. ಅಲ್ಲೇ ಕೈಯಿಂದ ಬರೆಯುವುದಾದರೆ ಶಿಫ್ಟ್ ಮತ್ತು ವಿ ಒತ್ತಿದರೆ ಹೊಸ ವಾಯ್ಸ್ ಸಿಗುತ್ತದೆ, ವಿ ಒತ್ತಿದರೆ ವಾಯ್ಸ್‌ಗಳ ನಡುವೆ ಓಡಾಡಬಹುದು.

ಟೈಪ್ ಮಾಡಿ ಬರೆಯುವ ಲಿಲಿಪಾಂಡ್‌ನಲ್ಲಿ ಪಾರ್ಟ್‌ಕಂಬೈನ್ ಎಂಬ ಆಜ್ಞೆಗೆ ಎರಡು ಪಾರ್ಟ್ ಕೊಟ್ಟರೆ ಮುಗೀತು. ಒಂದೇ ಸ್ವರ ಇರುವಲ್ಲಿ 'ಎ2', ಒಬ್ಬರೇ ಇರುವಲ್ಲಿ 'ಸೋಲೊ' ಅಂತ ತಾನೇ ಬರೆದುಕೊಳ್ಳುತ್ತದೆ.

ನುಡಿಸುವವರ ಕೈಗೆ ಕೊಡುವ ಹಾಳೆ

ಸೇರಿಸಿದ ಸಾಲು ಸ್ಕೋರ್‌ಗೆ ಒಳ್ಳೆಯದು. ವಾದ್ಯ ನುಡಿಸುವವರಿಗೆ ಮಾತ್ರ ಅವರವರ ಪಾರ್ಟ್ ಇರುವ ಬೇರೆ ಹಾಳೆಯೇ ಹಿತ. ಮೂಲ ಫೈಲ್ ಉಳಿಸಿಕೊಳ್ಳಿ ಅಂತ ಶುರುವಿನಲ್ಲೇ ಹೇಳಿದ್ದು ಇದಕ್ಕೇ. ಪಾರ್ಟ್‌ಗಳನ್ನು ಆ ಮೂಲದಿಂದ ತೆಗೆಯಿರಿ, ಕಂಡಕ್ಟರ್ ಸ್ಕೋರ್ ಅನ್ನು ಸೇರಿಸಿದ ಪ್ರತಿಯಿಂದ ತೆಗೆಯಿರಿ. ಇದರಲ್ಲಿ ಒಂದು ಶಿಸ್ತು ಬೇಕು. ಒಂದು ನೋಟು ತಿದ್ದಿದರೂ ಎರಡೂ ಫೈಲ್‌ನಲ್ಲಿ ತಿದ್ದಬೇಕು. ಆದ್ದರಿಂದ ಸಂಗೀತ ಪೂರ್ತಿ ನಿಂತ ಮೇಲೆಯೇ ಸೇರಿಸುವ ಕೆಲಸಕ್ಕೆ ಕೂರಿ, ರಚನೆಯ ನಡುವೆ ಬೇಡ.

ಮೂಲ ಕಳೆದುಹೋಗಿ ಸೇರಿಸಿದ ಪ್ರತಿ ಮಾತ್ರ ಉಳಿದಿದ್ದರೆ ಮ್ಯೂಸ್‌ಸ್ಕೋರ್‌ನ ಟೂಲ್ಸ್ ಮೆನುವಿನಲ್ಲೇ ಇರುವ ಎಕ್ಸ್‌ಪ್ಲೋಡ್ ಕಾರ್ಡ್‌ಗಳನ್ನು ಬಿಡಿಸಿ ಬೇರೆ ಸ್ಟಾಫ್‌ಗಳಿಗೆ ಹಂಚುತ್ತದೆ. 'ಎ2' ಅಂತ ಬರೆದ ಬಾರ್‌ಗಳು ಎರಡೂ ಸ್ಟಾಫಿನಲ್ಲಿ ಸರಿಯಾಗಿ ಬಂದಿವೆಯೇ ಅಂತ ಆಗ ನೀವೇ ನೋಡಬೇಕು, ಆ ಅಕ್ಷರದ ಅರ್ಥ ಎಕ್ಸ್‌ಪ್ಲೋಡ್‌ಗೆ ಗೊತ್ತಾಗುವುದಿಲ್ಲ.

ಇನ್ನು ಪ್ರಿಂಟ್ ಕೊಡುವ ಮೊದಲು ನಾನು ಯಾವಾಗಲೂ ಮಾಡುವ ಒಂದು ಪರೀಕ್ಷೆ. ಒಂದು ಪುಟ ಮಾತ್ರ ಪ್ರಿಂಟ್ ತೆಗೆದು, ಕಂಪ್ಯೂಟರ್ ಬಿಟ್ಟು ದೂರ ಕೂತು, ಎರಡನೆಯ ಪಾರ್ಟನ್ನು ಮಾತ್ರ ಶುರುವಿನಿಂದ ಹಾಡಿಕೊಳ್ಳುತ್ತೇನೆ. ಕಾಗದದ ಮೇಲೆ ನೀಲಿ, ಹಸಿರು ಬಣ್ಣ ಇರುವುದಿಲ್ಲ. ಕಡ್ಡಿ, ರೆಸ್ಟ್, ಗುರುತು ಇಷ್ಟೇ ಆಸರೆ. ಎಲ್ಲಿ ನನ್ನ ಕಣ್ಣು ಒಂದು ಕ್ಷಣ ನಿಂತು 'ಇದು ಯಾರದು?' ಅಂತ ಹುಡುಕುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಒಂದು ಸೊನ್ನೆ ಸುತ್ತುತ್ತೇನೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಆ ಸೊನ್ನೆಗಳನ್ನು ಒಂದೊಂದಾಗಿ ಸರಿಪಡಿಸುತ್ತೇನೆ. ಬಹಳಷ್ಟು ಸಲ ಕಾಣೆಯಾದ ಒಂದು ಶಾರ್ಪ್ ಇರುತ್ತದೆ, ಇಲ್ಲವೇ ಎಲ್ಲೋ ಬಿಟ್ಟುಹೋದ ಒಂದು '2.' ಇರುತ್ತದೆ.